ಒಡೆಯದ ಗುಳ್ಳೆಗಳು

ಪುಣೆ,
9 ಫೆಬ್ರುವರಿ 2025

ಪ್ರೀತಿಯ ಶ್ಯಾಮ ಅವರಿಗೆ ಗೋದಾಳ ನಮಸ್ಕಾರ.

ಎರಡು ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ಮಗಳು ಚಿತ್ರಾಳ ಬಾಯಿಂದಲೇ ನಡೆದಿದೆ. ಈ ಸುದ್ದಿಯನ್ನು ಮಾತ್ರ ಅವಳಿಗೂ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕೆನಿಸಿತು. ನನ್ನ ಗುಳ್ಳೆಗಳು ಉಳಿದವು!

ಬ್ಯಾಂಕಿನವರು ನಿಮ್ಮನ್ನು ಧಾರವಾಡಕ್ಕೆ ವರ್ಗ ಮಾಡಿದಾಗ ಯಾವುದಕ್ಕಾಗಿ ನಾನು ಬರಲಾರೆನೆಂದು ಹಠ ಹಿಡಿದೆನೋ, ಅವೇ ಗುಳ್ಳೆಗಳು. ಅನಿಲ ತುಂಬಿದ, ರಕ್ತಕಣಕ್ಕಿಂತ ಸಣ್ಣವು. ರಕ್ತನಾಳಕ್ಕೆ ಚುಚ್ಚಿದರೆ ಅಲ್ಟ್ರಾಸೌಂಡ್ ಪರದೆಯ ಮೇಲೆ ರಕ್ತ ಹರಿಯುವ ದಾರಿ ಬೆಳಗಬೇಕು. ಬರಿಯ ಗುಳ್ಳೆ ಬೇಗ ಒಡೆಯುತ್ತದೆಂದು ಅದಕ್ಕೆ ನ್ಯಾನೊ ಕಣಗಳ ಪೊರೆ ಕಟ್ಟುತ್ತಿದ್ದೆ. ಪೊರೆ ದಪ್ಪವಾದಾಗ ಒಡೆಯಲಿಲ್ಲ ನಿಜ, ಆದರೆ ಅಲ್ಟ್ರಾಸೌಂಡಿನ ಅಲೆಗೆ ಕಂಪಿಸಲೂ ಇಲ್ಲ. ಪರದೆ ಕಪ್ಪಾಗಿಯೇ ಉಳಿಯಿತು. ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಮಾರ್ತಾಂಡ ಅವರು ದೀಪಾವಳಿಗೇ ಹೇಳಿಬಿಟ್ಟಿದ್ದರು: “ಭಾಳ ಆತ್ರಿ ಗೋದಾ ಅವರ. ಮಾರ್ಚಿಗೆ ಇದನ್ನ ಮುಚ್ಚಿಬಿಡೂಣು.”

ಆಗ ಗಟ್ಟಿ ಮಾಡುವ ಹುಚ್ಚನ್ನೇ ಬಿಟ್ಟೆ. ಕಣಗಳನ್ನು ಕಡಿಮೆ ಮಾಡಿ, ನಡುನಡುವೆ ಮೆತ್ತನೆಯ ಕೊಬ್ಬಿನ ಪದರ ಉಳಿಸಿದೆ. ಮೊನ್ನೆ ಶುಕ್ರವಾರ ಅದನ್ನು ಒಂದು ಮೊಲದ ಕಿವಿಯ ರಕ್ತನಾಳಕ್ಕೆ ಕೊಟ್ಟೆವು. ಸ್ಕ್ಯಾನ್ ಮಾಡುವ ಡಾಕ್ಟರ್ ರಂಜನಾ ಅದರ ಹೊಟ್ಟೆಯ ಮೇಲೆ ಯಂತ್ರವಿಟ್ಟಳು. ನನಗೆ ನೋಡುವ ಧೈರ್ಯ ಸಾಲದೆ ಪರದೆಗೆ ಬೆನ್ನು ಹಾಕಿ ನಿಂತೆ.

“ಗೋದಾಕ್ಕ, ಈ ಕಡೆ ತಿರಗ್ರಿ! ಹೊಳೀಲಿಕ್ಕತ್ತದ್ರಿ!”

ತಿರುಗಿದರೆ, ಯಕೃತ್ತಿನ ಒಂದೊಂದು ಎಳೆನಾಳವೂ ಬೆಳ್ಳಗೆ ಮೂಡಿತ್ತು. ಮೂಡಿದ್ದು ಆರಲೂ ಇಲ್ಲ. ಮಾರ್ತಾಂಡರು ಕನ್ನಡಕ ಒರೆಸಿಕೊಂಡು, “ಮುಚ್ಚೂದು ಬ್ಯಾಡ್ರಿ,” ಎಂದರು, ಅಷ್ಟೇ. ಮೊಲ ಆರಾಮವಾಗಿ ಕೊತ್ತಂಬರಿ ತಿನ್ನುತ್ತ ಕೂತಿತು. ನಾವು ಕ್ಯಾಂಪ್ ಬಡಾವಣೆಯ ಇರಾನಿ ಹೋಟೆಲಿಗೆ ಹೋಗಿ ಬೆಣ್ಣೆ ಸವರಿದ ಬನ್ ಮಸ್ಕಾ ತಿಂದೆವು. ನಾನು ಎರಡು ತಿಂದೆ.

ಎಲ್ಲರೂ ನಗುತ್ತಿರುವಾಗ ನನ್ನ ಬೆರಳು ಫೋನಿನಲ್ಲಿ ನಿಮ್ಮ ಹೆಸರಿನ ಮೇಲಿತ್ತು. ಒತ್ತಲಿಲ್ಲ. ಫೋನಿನಲ್ಲಿ ನಾವು ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ನೀವು ಕೊನೆಯವರೆಗೂ ಓದುತ್ತೀರಿ. ಮನುಷ್ಯರಿಗೆ ಇದು ಮುಟ್ಟಲು ಇನ್ನೂ ವರ್ಷಗಳೇ ಬೇಕು, ಹಾಗಾಗಿ ಈ ಕೆಲಸ ನಾನು ಬಿಡುವುದಿಲ್ಲ. ಆದರೆ ಇಷ್ಟು ದೊಡ್ಡ ಸಂತೋಷವನ್ನು ಒಬ್ಬಳೇ ಇಟ್ಟುಕೊಂಡು ಏನು ಮಾಡಲಿ, ಹೇಳಿ?

ನಿಮ್ಮವಳೇ ಆದ,
ಗೋದಾ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಚಿತ್ರಾಳ ಫೋನ್ ಬಂತು. “ಅಮ್ಮ, ಅಪ್ಪ ಹೇಳಬ್ಯಾಡ ಅಂದಾರ, ಆದ್ರ ಅವರಿಗೆ ಪುಣೆಗೇ ವಾಪಸ್ ವರ್ಗ ಸಿಕ್ಕದ. ತಾವೇ ಕೇಳಿಕೊಂಡಿದ್ದರಂತ,” ಎಂದಳು. ಯಾವ ಬಸ್ಸೆಂದು ತಿಳಿಸಿ. ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.