ಮೊದಲನೇ ತೂತು ಅವನಿಗೆ

ಮನೆಯಿಂದ,
ಶನಿವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಣ್ಣಾ,

ಇಲ್ಲ, ನೀನು ಬರೆದದ್ದನ್ನು ನಾನು ಒಪ್ಪೋದಿಲ್ಲ. ‘ಅಪ್ಪ ನನ್ನನ್ನು ಮರೆತೇಬಿಟ್ಟಿದ್ದಾರೆ’ ಅಂತೀಯಲ್ಲ, ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಎರಡು ವರ್ಷ ಆಯ್ತು, ಫೋನ್ ನಂಬರನ್ನೂ ಬದಲಾಯಿಸಿ ಕೂತಿದ್ದೀಯ, ಇಲ್ಲಿಯದು ನಿನಗೇನು ಗೊತ್ತು? ಇರಲಿ, ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಚೆನ್ನಾಗಿದ್ದಾರಾ? ಅಮ್ಮನ ಮಂಡಿ ಪರವಾಗಿಲ್ಲ. ನಾನು ಎಂದಿನ ಹಾಗೆ, ಕಾಲಿಗೆ ಚಕ್ರ ಕಟ್ಟಿಕೊಂಡವನು.

ನಿನ್ನೆ ಒಂದು ರೂಟರ್ ತಂದೆ, ಎಲ್ಲರ ಫೋನಿಗೂ ನೆಟ್ ಬರಲಿ ಅಂತ. ಮೋಡೆಂನಿಂದ ನೀನು ಬಿಟ್ಟುಹೋದ ಕಂಪ್ಯೂಟರಿನ ವೈರ್ ಕಿತ್ತು ಆ ಜಾಗಕ್ಕೆ ರೂಟರ್ ಸಿಕ್ಕಿಸಿದೆ. ದೀಪ ಎಲ್ಲಾ ಉರಿಯಿತು, ನೆಟ್ ಮಾತ್ರ ಇಲ್ಲ. ಮೂರು ಸಲ ತೆಗೆದು ಹಾಕಿದೆ, ನಾಲ್ಕು ಸಲ ಬೈದೆ. ಕೊನೆಗೆ ಕೇಬಲ್‌ನವನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ‘ಮೋಡೆಂ ಇನ್ನೂ ಆ ಹಳೇ ಕಂಪ್ಯೂಟರನ್ನೇ ನೆನಪಿಟ್ಕೊಂಡಿದೆ ಕಣಯ್ಯಾ. ಪ್ಲಗ್ ಕಿತ್ತು ಐದು ನಿಮಿಷ ಬಿಡು, ಮರೆಯುತ್ತೆ’ ಅಂದ.

ಪೇಪರ್ ಓದುತ್ತಿದ್ದ ಅಪ್ಪ ಎದ್ದು ಬಂದು ಪ್ಲಗ್ ಮೇಲೆ ಕೈ ಇಟ್ಟರು. ‘ಮುಟ್ಟಬೇಡ. ಅವನು ಬಂದು ಕೂತರೆ ಅದು ನಡೀಬೇಕು.’ ನಿನ್ನ ಮಾತು ತೆಗೆದರೆ ಎದ್ದು ಹೋಗುವ ಮನುಷ್ಯ ಕಣೋ ಅದು. ದಿನಾ ಬೆಳಿಗ್ಗೆ ನಿನ್ನ ಕಂಪ್ಯೂಟರಿನ ಧೂಳು ಒರೆಸಿ, ಒಂದು ಸಲ ಆನ್ ಮಾಡಿ, ನಡೆಯುತ್ತಿದೆ ಅಂತ ನೋಡಿ ಆರಿಸುತ್ತಾರಂತೆ. ಅಮ್ಮ ಆಗ ಬಾಯಿಬಿಟ್ಟಳು. ನಾನು ಏಳುವಷ್ಟರಲ್ಲಿ ಅದೆಲ್ಲ ಮುಗಿದಿರುತ್ತೆ, ನನಗೆಲ್ಲಿ ಗೊತ್ತಾಗಬೇಕು?

ರೂಟರ್ ತಿರುಗಿಸಿ ತೋರಿಸಿದೆ. ‘ಅಪ್ಪಾ, ಇದರ ಬೆನ್ನಲ್ಲಿ ನಾಲ್ಕು ತೂತಿದೆ. ಅಣ್ಣನ ವೈರೂ ಇಲ್ಲೇ ಕೂರುತ್ತೆ. ಯಾರನ್ನೂ ಹೊರಗೆ ಹಾಕ್ತಿಲ್ಲ.’ ನಾಲ್ಕನ್ನೂ ಬೆರಳಿಟ್ಟು ಎಣಿಸಿದರು. ಆಮೇಲೆ ತಾವೇ ಪ್ಲಗ್ ಕಿತ್ತು, ಐದು ನಿಮಿಷ ಗೋಡೆ ಗಡಿಯಾರ ನೋಡುತ್ತಾ ನಿಂತರು, ಆಪರೇಷನ್ ಕೋಣೆಯ ಹೊರಗೆ ನಿಂತ ಹಾಗೆ. ‘ಮೊದಲನೇ ತೂತು ಅವನಿಗೆ’ ಅಂದರು. ನಿನ್ನ ಕಂಪ್ಯೂಟರಿಗೆ ನೆಟ್ ಬಂದ ಮೇಲೇ ನನ್ನ ಫೋನಿಗೆ ಅಪ್ಪಣೆ ಸಿಕ್ಕಿದ್ದು. ಈಗ ಹೇಳು, ಮರೆತವರು ಯಾರು?

ಅತ್ತಿಗೆಗೆ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ ನೀನು, ಅಮ್ಮನ ಆರ್ಡರ್.

ನಿನ್ನ ತಮ್ಮ,
ಬುಗುರಿ

ಇದೊಂದು ಬಿಟ್ಟೇ ಹೋಯ್ತು: ನಿನ್ನೆ ಸಂಜೆ ಅಪ್ಪ ತಮಗೇ ಒಂದು ಹೊಸ ಫೋನ್ ತಂದು ‘ಇದನ್ನೂ ಸೇರಿಸು’ ಅಂತ ನನ್ನ ಕೈಗಿಟ್ಟರು. ಅದರಲ್ಲಿ ಒಂದೇ ಒಂದು ಹೆಸರು ಹಾಕಿಸಿದ್ದಾರೆ, ‘ದೊಡ್ಡೋನು’ ಅಂತ. ನಂಬರ್ ಕೇಳಿದರೆ, ‘ಅದನ್ನ ಅವನೇ ಕೊಡಲಿ’ ಅಂದು ಮುಖ ತಿರುಗಿಸಿದರು. ಆ ಜಾಗ ಖಾಲಿ ಇದೆ ಅಣ್ಣಾ. ಅಪ್ಪನ ನಂಬರ್ ಕವರಿನ ಹಿಂದೆ ಬರೆದಿದ್ದೀನಿ. ಟಪಾಲು ತೆಗೆಯೋ ಹೊತ್ತಾಯ್ತು, ಚಪ್ಪಲಿ ಮೆಟ್ಟಿಕೊಂಡೇ ಬರೀತಿದ್ದೀನಿ. ಅಪ್ಪ ನಿನ್ನ ಕುರ್ಚಿಯಲ್ಲಿ ಕೂತು ತೂಕಡಿಸ್ತಿದ್ದಾರೆ. ಹೊರಟೆ, ಬಾಗಿಲು ಮೆಲ್ಲಗೆ ಎಳ್ಕೋತೀನಿ.