ಅಂಚಿನೊಳಗಿನ ತೂಕ

ಮಾರ್ಚ್ 3, ಬೆಳಿಗ್ಗೆ 8.30

2 ಕಿಲೋ 60. ನಿನ್ನೆಗಿಂತ ಹತ್ತು ಗ್ರಾಂ ಜಾಸ್ತಿ. ನನ್ನ ಗಂಡ ತಕ್ಕಡಿರಾಯರು ಎರಡು ಲೋಟ ಕಾಫಿ ಕುಡಿದು, ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋದರು.

ಮಗಳು ಹುಟ್ಟಿ ಹನ್ನೊಂದು ದಿನ. ಹುಟ್ಟಿದಾಗ 2 ಕಿಲೋ 150. ಮನೆಗೆ ಕಳಿಸುವಾಗ 2 ಕಿಲೋ 40. ಮೊದಲ ವಾರ ಇಳಿಯುವುದು ಸಹಜ, ಇನ್ನು ಮೇಲೆ ಏರುತ್ತಾ ಹೋಗಬೇಕು, ಇಳಿದರೆ ತಡ ಮಾಡದೆ ಬನ್ನಿ ಎಂದರು ಡಾಕ್ಟರು. ಹೇಳಿದ್ದು ಯಾರಿಗೆ? ನನ್ನ ಗಂಡನಿಗೆ. ಊರಿನ ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡಿ ಜೀವನ ಮಾಡುವವರಿಗೆ. ಕೇಳಬೇಕೆ? ಅಂದೇ ಸಂಜೆ ಸ್ಕೇಲ್ ಮನೆಗೆ ಬಂತು. ಊಟದ ಮೇಜಿನ ಮೇಲೆ ಕೂತಿದೆ. ನಾವು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೇವೆ.

ದಿನಾ ಎಂಟು ಗಂಟೆಗೆ ಈ ಪೂಜೆ. ಮಗುವಿನ ಬಟ್ಟೆ ಬಿಚ್ಚಲು ಅತ್ತೆ ಬಿಡುವುದಿಲ್ಲ, ಶೀತವಾಗುತ್ತದಂತೆ. ಅದಕ್ಕೆ ಬಟ್ಟೆ ಸುತ್ತಿಯೇ ಇಡುವುದು, ಬಟ್ಟೆಯ ತೂಕ 140 ಗ್ರಾಂ ಕಳೆಯುವುದು. ಒಂದೇ ಥಾನಿನಿಂದ ನಾಲ್ಕು ಬಟ್ಟೆ ಕತ್ತರಿಸಿ ಹೊಲಿದವಳು ನಾನು. ಇವರು ಒಂದನ್ನು ಮಾತ್ರ ತೂಗಿ ನೋಡಿದರು. "ನಿನ್ನ ಕತ್ತರಿ ಸುಳ್ಳು ಹೇಳಲ್ಲ ಬಿಡು," ಅಂದರು.

ಮಗಳಿಗೆ ಇನ್ನೂ ಹೆಸರಿಟ್ಟಿಲ್ಲ. ಅತ್ತೆ ಸಾಸಿವೆ ಅಂತ ಕರೆಯುತ್ತಾರೆ. ಹೆಸರಿಡಲು ನನಗೇ ಭಯ. ಹೋದ ಸಲ ಬೇಗ ಇಟ್ಟುಬಿಟ್ಟಿದ್ದೆವು.

ಮಾರ್ಚ್ 4, ಬೆಳಿಗ್ಗೆ 9

2 ಕಿಲೋ 60. ನಿನ್ನೆಯದ್ದೇ.

ಮೂರು ಸಲ ಇಟ್ಟು ನೋಡಿದರು. ಸ್ಕೇಲಿನ ಕಾಲಡಿ ಕಾಗದ ಮಡಿಸಿಟ್ಟು ಮಟ್ಟ ಮಾಡಿದರು. ಅದೇ. ಕಾಫಿ ಹಾಗೇ ಆರಿತು.

"ನಾಳೆಯೂ ಏರ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಹೋಗಿ ಬರೋಣ," ಅಂದರು.

"ಇಳಿದ್ರೆ ಬನ್ನಿ ಅಂದ್ರು ಡಾಕ್ಟ್ರು. ನಿಂತ್ರೆ ಬನ್ನಿ ಅನ್ಲಿಲ್ಲ."

"ಹೋದ್ರೆ ಏನು ಕಷ್ಟ? ನೋಡಿ ಕಳಿಸ್ತಾರೆ."

ಕಳಿಸ್ತಾರೆ. ಹಾಗೇ ಅಂದುಕೊಂಡಿದ್ದೆವು ಎರಡು ವರ್ಷದ ಹಿಂದೆ. ಗಂಡುಮಗು. ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ದಿನ. ದಿನಾ ಬೆಳಿಗ್ಗೆ ಒಬ್ಬ ನರ್ಸ್ ಬಾಗಿಲು ತೆಗೆದು ತೂಕ ಹೇಳಿ ಹೋಗುತ್ತಿದ್ದರು. ದಿನಾ ಕಡಿಮೆ. ಹತ್ತನೆಯ ದಿನ ಬಾಗಿಲು ತೆಗೆದವರು ತೂಕ ಹೇಳಲಿಲ್ಲ.

ಆ ಕಟ್ಟಡದೊಳಗೆ ಇವಳನ್ನು ಮತ್ತೆ ಕಳಿಸಲಾರೆ. ಕಳಿಸಲಾರೆ ಅಷ್ಟೇ.

ಮಾರ್ಚ್ 5, ಮಧ್ಯಾಹ್ನ

ಬರೆಯಬಾರದು. ಯಾರಿಗೂ ಹೇಳಲಾಗದ್ದನ್ನು ಎಲ್ಲಿಯಾದರೂ ಇಡಬೇಕಲ್ಲ.

ಇವರು ಸ್ನಾನಕ್ಕೆ ಹೋದಾಗ ನಾನೇ ಇಟ್ಟು ನೋಡಿದೆ. 2 ಕಿಲೋ 40. ಇಪ್ಪತ್ತು ಇಳಿದಿದೆ. ಒಳಗೆ ನೀರಿನ ಸದ್ದು ನಿಲ್ಲುವುದರಲ್ಲಿತ್ತು.

ನನ್ನ ಹೊಲಿಗೆ ಪರದೆಗಳದ್ದು. ಪರದೆ ಗಾಳಿಗೆ ಹಾರದಿರಲಿ ಅಂತ ಕೆಳ ಅಂಚಿನೊಳಗೆ ಚಿಕ್ಕ ಕಬ್ಬಿಣದ ಬಿಲ್ಲೆಗಳನ್ನು ಹಾಕಿ ಹೊಲಿಯುತ್ತೇನೆ. ಒಂದೊಂದೂ ಹತ್ತು ಗ್ರಾಂ. ಮಿಷನ್ನಿನ ಡ್ರಾಯರ್‌ನಲ್ಲಿ ಡಬ್ಬಿ ತುಂಬ ಇವೆ. ಮೂರು ತೆಗೆದೆ. ಸುತ್ತುವ ಬಟ್ಟೆಯ ಅಂಚು ಬಿಚ್ಚಿ ತೂರಿಸಿ ನಾಲ್ಕು ಹೊಲಿಗೆ ಹಾಕಿದೆ. ಕೈ ನಡುಗಲಿಲ್ಲ. ಅದೇ ಈಗ ಭಯ ಹುಟ್ಟಿಸುತ್ತಿದೆ.

ಇವರು ಇಟ್ಟರು. 2 ಕಿಲೋ 70. "ನೋಡ್ದ್ಯಾ, ನಿನ್ನೆ ಸುಮ್ನೆ ಹೆದರಿಸಿದ್ಲು ಕಳ್ಳಿ," ಅಂತ ಮಗಳ ಮೂಗು ಹಿಂಡಿದರು. ಕಳ್ಳಿ ಯಾರೆಂದು ನನಗೆ ಗೊತ್ತು.

ಇದೊಂದು ದಿನ. ಇವತ್ತು ಗಂಟೆಗೊಮ್ಮೆ ಹಾಲು ಕೊಡುತ್ತೇನೆ. ನಾಳೆ ತಾನಾಗಿ ಏರುತ್ತದೆ. ಬಿಲ್ಲೆ ತೆಗೆದುಬಿಡುತ್ತೇನೆ.

ಮಾರ್ಚ್ 6

ಏರಲಿಲ್ಲ. 2 ಕಿಲೋ 30. ಬಿಲ್ಲೆ ಆರು. ಇವರಿಗೆ ಕಂಡದ್ದು 2 ಕಿಲೋ 90.

ನಿನ್ನೆಯದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸಬೇಕಲ್ಲ. ಇದನ್ನು ನಾನು ಮೊದಲು ಯೋಚಿಸಿರಲಿಲ್ಲ.

ಮಾರ್ಚ್ 8, ಸಂಜೆ

ನಿಜ 2 ಕಿಲೋ. ಇವರಿಗೆ 2 ಕಿಲೋ 120. ಹನ್ನೆರಡು ಬಿಲ್ಲೆ.

ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಕೆನ್ನೆ ತುಂಬ್ಕೊಂಡಿದೆ ಕಣಮ್ಮ, ನಿನ್ನ ಹಾಲು ಹಿಡೀತು," ಅಂದರು. ಅಳುವುದೇ ಇಲ್ಲ, ಎಂಥ ಸಾಧು ಮಗು ಅಂದರು. ಸ್ಕೇಲ್ ಹೇಳಿದ್ದನ್ನು ಅತ್ತೆಯ ಕಣ್ಣೂ ನಂಬಿಬಿಟ್ಟಿದೆ. ನನ್ನ ಕಣ್ಣಿಗೆ ಕುತ್ತಿಗೆಯ ಚರ್ಮ ಸಡಿಲವಾಗಿ ಕಾಣುತ್ತದೆ. ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತಾಳೆ. ಅಂಗಾಲು ಕೆರೆದರೆ ಒಂದು ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾಳೆ.

ಊಟದ ಹೊತ್ತಿಗೆ ಇವರು ಒಬ್ಬ ತರಕಾರಿಯವನ ಕಥೆ ಹೇಳಿದರು. ತಟ್ಟೆಯ ಅಡಿಗೆ ಮೇಣ ಮೆತ್ತಿ ಕಲ್ಲು ಅಂಟಿಸಿದ್ದನಂತೆ. ಇವರು ಬೆರಳಾಡಿಸಿ ಹಿಡಿದುಬಿಟ್ಟರಂತೆ.

"ಎಷ್ಟಿತ್ತು ಕಲ್ಲು?" ಅತ್ತೆ ಕೇಳಿದರು.

"ಮೂವತ್ತು ಗ್ರಾಂ. ಮೂವತ್ತಾದ್ರೇನು, ಮೂರಾದ್ರೇನು? ಅಂಥವನ ಮುಖ ನೋಡಬಾರದು."

ಅನ್ನ ನೆತ್ತಿಗೇರಿತು. ನೀರು ಕೊಟ್ಟು ಬೆನ್ನು ಸವರಿದವರೂ ಇವರೇ.

ಮಾರ್ಚ್ 11, ಬೆಳಿಗ್ಗೆ 9.15

ಎರಡು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ನಿಜ 1 ಕಿಲೋ 950. ಬಿಲ್ಲೆ ಇಪ್ಪತ್ತೆರಡು. ಇವರಿಗೆ 2 ಕಿಲೋ 170. ಹುಟ್ಟಿದ ತೂಕ ದಾಟಿತು ಅಂತ ಸಂಭ್ರಮ. ಪಕ್ಕದ ಮನೆಗೂ ಹೇಳಿ ಬಂದರು. ನಾಲ್ಕು ಅಂಚಿಗೂ ಹಂಚಿ ಹೊಲಿದಿದ್ದೇನೆ, ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು ನಡುನಡುವೆ ಟಾಕಾ ಹೊಲಿಗೆ. ಇಷ್ಟು ಚೆಂದದ ಕೆಲಸ ಯಾವ ಗಿರಾಕಿಗೂ ಮಾಡಿಕೊಟ್ಟಿಲ್ಲ.

ಇವರು ಬಟ್ಟೆ ಎತ್ತಿಕೊಂಡು ಒಂದು ಕ್ಷಣ ನಿಂತರು. "ಒದ್ದೆ ಇದ್ಯಾ ಇದು?"

"ಈಗ ತಾನೇ ಒಣಗಿದ್ದು ತಂದೆ."

"ಭಾರ ಅನ್ನಿಸ್ತು." ಮಗುವಿನ ಮುಖ ನೋಡಿದರು. "ಇವಳೇ ಭಾರ ಆಗಿದ್ದಾಳೆ ಅಲ್ವಾ?"

ಹೌದು ಅಂದೆ. ಕಂಡುಹಿಡಿಯದಿರಲಿ ಅಂತ ಒಂದು ದನಿ. ಕಂಡುಹಿಡಿಯಲಿ ದೇವರೇ ಅಂತಲೂ ಒಳಗೊಂದು ದನಿ.

ನಿನ್ನೆ ಇಡೀ ದಿನ ಎರಡೇ ಸಲ ಉಚ್ಚೆ. ಆಸ್ಪತ್ರೆಯಲ್ಲಿ ಸಾಯುತ್ತಾಳೆ ಎಂಬ ಭಯಕ್ಕೆ ಮನೆಯಲ್ಲೇ ಸಾಯಿಸುತ್ತಿದ್ದೇನಾ? ಈಗಲಾದರೂ ಹೇಳಬಹುದು. ಹೇಳಿದರೆ ಮೊದಲು ಇವರ ಮುಖ ನೋಡಬೇಕು. ಆಮೇಲೆ ಆ ಕಟ್ಟಡದ ಬಾಗಿಲು.

ನಾಳೆ. ನಾಳೆ ಖಂಡಿತ.

ಮಾರ್ಚ್ 13, ಮಧ್ಯಾಹ್ನ 3, ಆಸ್ಪತ್ರೆ

ಬೆಳಿಗ್ಗೆ ಏಳಕ್ಕೆ ಮಗಳನ್ನು ಎಬ್ಬಿಸಿದೆ. ಏಳಲಿಲ್ಲ. ಉಸಿರಿದೆ, ಮೈ ಬೆಚ್ಚಗಿದೆ, ಕಣ್ಣು ಬಿಡುತ್ತಿಲ್ಲ. ತುಟಿಗೆ ಹಾಲು ಹಿಂಡಿದೆ. ಪಕ್ಕದಿಂದ ಹರಿದುಹೋಯಿತು.

ಸಾದಾ ಬಟ್ಟೆ ಸುತ್ತಿ ನಾನೇ ಸ್ಕೇಲಿನ ಮೇಲೆ ಮಲಗಿಸಿ ಇವರನ್ನು ಕರೆದೆ. ನೋಡಿದರು. ಬಟ್ಟೆ ಕಳೆದು 1 ಕಿಲೋ 900. ನನ್ನ ಕಡೆ ತಿರುಗಲೇ ಇಲ್ಲ. "ಸ್ಕೇಲ್ ಕೆಟ್ಟಿದೆ," ಅಂದರು. ಕೆಲಸದ ಪೆಟ್ಟಿಗೆ ತೆಗೆದು ಹಿತ್ತಾಳೆಯ ತೂಕದ ಬಟ್ಟು ಇಟ್ಟರು. ಒಂದು ಕಿಲೋ, ಸರಿ. ಎರಡು ಕಿಲೋ, ಸರಿ. ಸ್ಕ್ರೂಡ್ರೈವರ್ ಹುಡುಕತೊಡಗಿದರು. ಮಗು ನನ್ನ ತೋಳಲ್ಲಿ. ಇವರು ಯಂತ್ರವನ್ನು ಬೋರಲು ಹಾಕಿ ತಳ ಬಿಚ್ಚುತ್ತಿದ್ದಾರೆ.

"ರೀ, ಸ್ಕೇಲ್ ಸರಿ ಇದೆ."

"ಒಂದೇ ದಿನಕ್ಕೆ ಇಷ್ಟೊಂದು ಇಳಿಯುತ್ತಾ ಯಾವುದಾದ್ರೂ ಮಗು? ಒಂದು ನಿಮಿಷ ತಡಿ."

"ಸ್ಕೇಲ್ ಸರಿ ಇದೆ ರೀ. ನಾನೇ ಸರಿ ಇಲ್ಲ."

ಆ ಬಟ್ಟೆ ತಂದು ಮೇಜಿನ ಮೇಲಿಟ್ಟೆ. ಇವರು ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ನಿಧಾನವಾಗಿ, ಎಲ್ಲವನ್ನೂ. ಬೈಯಲಿಲ್ಲ. ಚಪ್ಪಲಿ ಮೆಟ್ಟಿ, "ನಡಿ," ಅಂದರು.

ಆಟೋ ಹಿಡಿದು ಆಸ್ಪತ್ರೆಗೆ ಬಂದೆವು.

ರಕ್ತಕ್ಕೆ ಸೋಂಕು. ಮೂಗಿಗೆ ನಳಿಕೆ, ಕೈಗೆ ಸೂಜಿ. ಗಾಜಿನ ಪೆಟ್ಟಿಗೆ. "ಮೂರು ನಾಲ್ಕು ದಿನ ಮೊದ್ಲೇ ಬರ್ಬೇಕಿತ್ತು," ಅಂದರು ಡಾಕ್ಟರಮ್ಮ. "ತೂಕ ನೋಡ್ತಿರ್ಲಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, "ದಿನಾ ನೋಡ್ತಿದ್ದೆ ಡಾಕ್ಟ್ರೇ. ನಾನೇ ತಪ್ಪಾಗಿ ತೂಗಿದೆ," ಅಂದರು.

ಕೆಲಸದ ಹೆಮ್ಮೆ ಬಿಟ್ಟರೆ ಬೇರೇನೂ ಇಲ್ಲದ ಮನುಷ್ಯ. ಅದನ್ನೂ ನನ್ನ ಸಲುವಾಗಿ ಅಲ್ಲಿ ಇಟ್ಟುಬಂದರು.

ಮಾರ್ಚ್ 14

ನನಗೆ ಜ್ವರ. ಹಾಲು ಕಟ್ಟಿ ಎದೆ ಕಲ್ಲಾಗಿದೆ. ಮೇಲಿನ ಮಹಡಿಯಲ್ಲಿ ನನ್ನನ್ನೂ ಮಲಗಿಸಿದ್ದಾರೆ. ಜ್ವರ ಬಿಡುವ ತನಕ ಮಕ್ಕಳ ವಾರ್ಡಿಗೆ ಬಿಡುವುದಿಲ್ಲ. ಹಾಲು ಹಿಂಡಿ ಕೊಡುತ್ತೇನೆ, ಇವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಒಯ್ಯುತ್ತಾರೆ.

ಎಂಟೂವರೆಗೆ ಬಾಗಿಲಲ್ಲಿ ನಿಂತು ಹೇಳಿದರು. "1 ಕಿಲೋ 900. ಇಳಿದಿಲ್ಲ."

ಅಷ್ಟೇ. ಹಾಲಿನ ಬಟ್ಟಲು ಎತ್ತಿಕೊಂಡು ಕೆಳಗೆ ಹೋದರು.

ಮಾರ್ಚ್ 15

"915." ಏರಿದೆ. ದಿಂಬಿಗೆ ಮುಖವಿಟ್ಟು ಅತ್ತುಬಿಟ್ಟೆ. ಇವರು ಹೋದ ಮೇಲೆ.

ಮಾರ್ಚ್ 16

"930." ಇವತ್ತು ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತರು. ಗಡ್ಡ ಬೆಳೆದಿದೆ, ಅಂಗಿಯ ಗುಂಡಿ ಮೇಲೆ ಕೆಳಗೆ. "ಹೆದರ್ಬೇಡ," ಅಂದರು. ಅವರ ಕೈ ಹಿಡಿಯಲು ಹೋದೆ. ಬಟ್ಟಲು ತೆಗೆದುಕೊಂಡು ಎದ್ದುಬಿಟ್ಟರು. ಕೋಪ ಇಳಿದಿಲ್ಲ ಅಂದುಕೊಂಡೆ.

ಮಾರ್ಚ್ 17, ಮಧ್ಯಾಹ್ನ 12

ಬೆಳಿಗ್ಗೆ "940" ಅಂದು ಹೋದರು. ಹತ್ತಕ್ಕೆ ಜ್ವರ ಬಿಟ್ಟಿತ್ತು. ಸಿಸ್ಟರ್ ಕೈ ತೊಳೆಸಿ ಒಳಗೆ ಬಿಟ್ಟರು.

ಪೆಟ್ಟಿಗೆಯ ಕಾಲಿಗೆ ಚಾರ್ಟ್ ಕಟ್ಟಿದ್ದರು. ಹದಿಮೂರು, 1 ಕಿಲೋ 900. ಹದಿನಾಲ್ಕು, 885. ಹದಿನೈದು, 870. ಹದಿನಾರು, 860. ಇವತ್ತು 855.

ಬೇರೆ ಮಗುವಿನದ್ದಿರಬೇಕು ಅಂತ ಮೇಲೆ ನೋಡಿದೆ. ನನ್ನ ಹೆಸರೇ. ಹಿಂದಿನ ಸಲದ ಹಾಗೇ, ದಿನಾ ಕಡಿಮೆ.

ಇವರು ಹೊರಗೆ ಬೆಂಚಿನ ಮೇಲಿದ್ದರು.

"ಇವತ್ತೆಷ್ಟು ಅಂದ್ರಿ?"

"ಒಂಬೈನೂರ ನಲವತ್ತು."

"ಚಾರ್ಟ್ ನೋಡ್ದೆ."

ಇವರು ಬೆಂಚಿನ ಮೇಲೆ ನನಗೆ ಜಾಗ ಬಿಟ್ಟು ಸರಿದರು. ಮೂರು ಗ್ರಾಂ ತಪ್ಪಿದರೆ ಅಂಗಡಿಯವರ ಜೊತೆ ಜಗಳಕ್ಕೆ ಬೀಳುವವರು.

"ಮೊದಲ್ನೇ ದಿನ ನಿಜ ಹೇಳೋಣ ಅಂತಾನೇ ಮೆಟ್ಟಿಲು ಹತ್ತಿದೆ," ಅಂದರು. "ನಿನ್ನ ಮುಖ ನೋಡಿದ ಮೇಲೆ ಬಾಯಿ ಬರ್ಲಿಲ್ಲ. ಆಮೇಲೆ ದಿನಾ ಒಂದಿಷ್ಟು ಸೇರಿಸ್ಬೇಕಾಯ್ತು."

"ಹೌದು. ಸೇರಿಸ್ಲೇಬೇಕಾಗುತ್ತೆ."

"ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ ನಂಗೆ? ಎಂಟು ದಿನ ಹೇಗೆ ಮುಚ್ಚಿಟ್ಲು ಅಂತ. ಈಗ ನೋಡು."

ಅವರ ಪಕ್ಕ ಕೂತೆ. ಇಬ್ಬರಿಗೂ ಒಂದೇ ಭಯ. ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಒದ್ದಾಡಿದೆವು. ನಡುವೆ ಇವಳು ಕರಗುತ್ತಿದ್ದಳು.

ಡಾಕ್ಟರಮ್ಮ ಬಂದರು. ಔಷಧಿ ಮೊನ್ನೆ ಬದಲಾಯಿಸಿದ್ದಾರಂತೆ. "ನಾಳೆ ಬೆಳಿಗ್ಗೆ ತೂಕ ನಿಂತ್ರೂ ಸಾಕು. ಇನ್ನೂ ಇಳಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ. ನನ್ನ ಕೈಲಿ ಆಗೋದಿಲ್ಲ."

"ನಾಳೆ ಇಬ್ಬರೂ ಒಳಗೆ ಹೋಗೋಣ," ಅಂದೆ. "ಎಷ್ಟೇ ಬರ್ಲಿ, ಒಟ್ಟಿಗೆ ನೋಡೋಣ."

ತಲೆಯಾಡಿಸಿದರು.

ಮಾರ್ಚ್ 18, ಬೆಳಿಗ್ಗೆ 8.25, ವಾರ್ಡಿನ ಹೊರಗೆ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೇಗೆ ಬಂದರೆ ಹಾಗೆ.

ಎಂಟಕ್ಕೆ ಕರೆದರು. ಇಬ್ಬರೂ ಹೋದೆವು. ಸಿಸ್ಟರ್ ಬಟ್ಟೆಯೆಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಬರೀ ಮೈ. ಪಕ್ಕೆಲುಬು ಎಣಿಸುವ ಹಾಗಿತ್ತು. ಎಣಿಸಲಿಲ್ಲ. ತಟ್ಟೆಯ ಮೇಲೆ ಮಲಗಿಸಿ ಕೈ ಹಿಂದೆ ತೆಗೆದುಕೊಂಡೆ.

ತಣ್ಣನೆಯ ತಟ್ಟೆ ಬೆನ್ನಿಗೆ ತಾಗಿದ್ದೇ ತಡ, ಕಾಲು ಝಾಡಿಸಿದಳು. 830. ಇನ್ನೊಮ್ಮೆ. 890. 845. ಅಂಕಿ ನಿಲ್ಲುವುದೇ ಇಲ್ಲ.

"ಕಾಲು ಸ್ವಲ್ಪ ಹಿಡ್ಕೊಳ್ಳಿ," ಅಂದರು ಸಿಸ್ಟರ್.

"ಬೇಡ ಸಿಸ್ಟರ್," ಇವರು ಅಂದರು. "ಕೈ ತಾಗಿದ್ರೆ ಸರಿ ಬರಲ್ಲ. ಕಾಯೋಣ."

ಕಾದೆವು. ಇವರು ನನ್ನ ಮಣಿಕಟ್ಟು ಹಿಡಿದಿದ್ದರು, ನೋಯುವಷ್ಟು ಗಟ್ಟಿಯಾಗಿ. ನಾನು ಕಣ್ಣು ಮುಚ್ಚಲಿಲ್ಲ. ಅವರೂ ಮುಚ್ಚಲಿಲ್ಲ. ಒದ್ದು ಒದ್ದು ಸುಸ್ತಾಗಿ ಕೊನೆಗೆ ಸುಮ್ಮನಾದಳು. ಅಂಕಿ ನಿಂತಿತು. ಒಂದು ಕಿಲೋ ಎಂಟುನೂರ—

ಬರೆಯುವಷ್ಟರಲ್ಲಿ ಒಳಗೆ ಅಳು. ಇವಳದ್ದೇ. ಹುಟ್ಟಿದ ಮೇಲೆ ಇಷ್ಟು ಜೋರಾಗಿ ಅತ್ತಿರಲಿಲ್ಲ. ಸಿಸ್ಟರ್ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಾರೆ, ಹಸಿವಂತೆ, ಬೇಗ ಬನ್ನಿ ಅಂತ—