ನಾಲ್ಕು ಮಾರು ಹಿಂದೆ

ಕಾಸರಕೋಡ, ಹೊನ್ನಾವರ ತಾಲೂಕು
೬ ಜನವರಿ ೨೦೦೮

ಚಿ. ಸುಪ್ರಿಯಾಳಿಗೆ,

ನಿನ್ನ ಜಟ್ಟಪ್ಪ ಮಾವನ ಮನಸ್ಸು ತುಂಬಿದ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ. ಭಟ್ಕಳದಲ್ಲಿ ನೀನೂ ನಿನ್ನ ಹೈಸ್ಕೂಲಿನ ಮಕ್ಕಳೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಬೇಡ. ಎರಡು ವಾರ ಸಿಟ್ಟಿನಲ್ಲಿದ್ದೆ. ಮೂರನೆಯ ವಾರ ಸಿಟ್ಟು ಇಳಿಯಿತು, ಆದರೆ ಕನ್ನಡಕದ ಮೇಲೆ ಕುಳಿತುಬಿಟ್ಟೆ.

ಸಿಟ್ಟು ಬಾರದೆ ಇರುತ್ತದೆಯೇ? ಮಂಗಳ ಗ್ರಹಕ್ಕೆ ಅಮೆರಿಕದವರು ಕಳಿಸಿದ ಗಾಡಿಯ ನಕ್ಷೆಯಲ್ಲಿ ನಾನು ಹಿಡಿದ ತಪ್ಪನ್ನು ನಿನ್ನ ಹೆಸರಿನಲ್ಲೇ ಹಾಕಿಕೊಂಡಿರುವುದಾಗಿ ಬರೆದಿದ್ದೀಯ. ಹೊರದೇಶದವರೂ ನೋಡುವ ನಕ್ಷೆ, ಈ ಜಟ್ಟಪ್ಪ ಎಷ್ಟು ಓದಿದ್ದಾರೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಕೇಳಿದ್ದೀಯ. ಏಳನೆಯ ಇಯತ್ತೆ ಎಂದು ಹೇಳು ಮಗಾ. ಗೇರುಸೊಪ್ಪೆಯಿಂದ ಅಪ್ಸರಕೊಂಡದವರೆಗೆ ನೆಲ ಅಳೆಯುವ ಸರ್ವೆ ಆಫೀಸಿನ ಸರಪಳಿ ಎಳೆದವ ಎಂದು ಹೇಳು. ಮೂವತ್ತೊಂದು ವರ್ಷ ಎಳೆದಿದ್ದೇನೆ. ಸರಪಳಿ ಹಿಡಿಯದ ದಿನ ಸಾಹೇಬರ ಕೊಡೆ ಹಿಡಿದಿದ್ದೇನೆ, ಅದನ್ನು ಹೇಳದಿದ್ದರೂ ನಡೆಯುತ್ತದೆ.

ಈ ಹುಚ್ಚು ಹಿಡಿಸಿದವಳು ನೀನೇ ಅಲ್ಲವೇ? ಎರಡು ವರ್ಷದ ಹಿಂದೆ ಹೊನ್ನಾವರದ ಭಾಸ್ಕರನ ಇಂಟರ್ನೆಟ್ ಅಂಗಡಿಯಲ್ಲಿ ನನ್ನನ್ನು ಕೂರಿಸಿ, ಮಂಗಳನ ನೆಲದಿಂದ ಗಾಡಿ ಕಳಿಸಿದ ಫೋಟೋ ತೋರಿಸಿದೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಪುಕ್ಕಟೆ ಎಂದೆ, ಅದರ ಹೊಟ್ಟೆ ಬಿಚ್ಚಿ ನೋಡಿದರೂ ಯಾರೂ ಬೈಯುವುದಿಲ್ಲ ಎಂದೆ. ನೀನು, ಭಾಸ್ಕರ, ಕುಮಟೆಯ ರಮಾನಂದ ಮಾಸ್ತರು ಸೇರಿ, ಗಾಡಿ ನಿಂತ ಜಾಗಕ್ಕೆಲ್ಲ ಒಂದೊಂದು ಚುಕ್ಕೆ ಇಡುತ್ತಿದ್ದಿರಿ. ನಾನು ಬರುತ್ತಿದ್ದುದು ಫ್ಯಾನಿಗೆ ಮತ್ತು ಚಾಕ್ಕೆ.

ಆದರೆ ಕಣ್ಣು ಸುಮ್ಮನಿರಬೇಕಲ್ಲ. ನವೆಂಬರದಲ್ಲಿ ಮಾಸ್ತರು ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಲೆಕ್ಕ ಹಾಕಿ ಒಂದು ಚುಕ್ಕೆ ಇಟ್ಟರು. ನಾನು ಫೋಟೋದಲ್ಲಿ ಗಾಡಿಯ ಹಿಂದಿನ ಜಾಡು ನೋಡಿದೆ. ಗಟ್ಟಿ ನೆಲದಲ್ಲಿ ಗಾಲಿಯ ಅಚ್ಚು ಒಂದೇ ಅಂತರದಲ್ಲಿ ಬಿದ್ದಿತ್ತು. ಮುಂದೆ ಮರಳಿನಲ್ಲಿ ಅಚ್ಚುಗಳು ಒಂದರ ಮೇಲೊಂದು ಕಲಸಿಹೋಗಿದ್ದವು. ನಮ್ಮ ಕಡಲ ದಂಡೆಯಲ್ಲಿ ಮೀನಿನ ಟೆಂಪೋ ಹುಗಿದಾಗ ಹೀಗೇ ಆಗುತ್ತದೆ: ಗಾಲಿ ಗಿರಗಿರ ತಿರುಗುತ್ತದೆ, ಟೆಂಪೋ ಅಲ್ಲೇ ಇರುತ್ತದೆ. ಚುಕ್ಕೆ ನಾಲ್ಕು ಮಾರು ಹಿಂದೆ ಬರಬೇಕು ಎಂದೆ. ಮಾಸ್ತರು ಚಾ ಲೋಟ ಕೆಳಗಿಟ್ಟು, “ಎಂತ ಜಟ್ಟಪ್ಪಣ್ಣ, ಮಂಗಳಕ್ಕೂ ಸರಪಳಿ ತಕಂಡು ಹೋಗಿ ಬಂದ್ರಾ?” ಅಂದರು. ನೀನೂ ನಕ್ಕೆ. ಇಲ್ಲ ಅನ್ನಬೇಡ, ನಾನು ನೋಡಿದ್ದೇನೆ.

ಹದಿನೈದು ದಿನಕ್ಕೆ, ಮೇಲಿನಿಂದ ಉಪಗ್ರಹ ತೆಗೆದ ಫೋಟೋ ಬಂತು. ಗಾಡಿ ಎಲ್ಲಿತ್ತು? ಮಾಸ್ತರ ಚುಕ್ಕೆಗಿಂತ ನಾಲ್ಕು ಮಾರು ಹಿಂದೆ. ನಾಲ್ಕಕ್ಕೆ ಒಂದು ಮೊಳ ಕಡಿಮೆ ಎಂದು ಭಾಸ್ಕರ ಹೇಳುತ್ತಾನೆ, ಅವನ ಮಾತು ಬಿಡು. ಮಾಸ್ತರು ಮಾತ್ರ ದೊಡ್ಡ ಮನುಷ್ಯರು, ಅವತ್ತಿನ ಚಾ ಅವರೇ ಕುಡಿಸಿದರು. ಈಗ ಇಡೀ ಕಾಸರಕೋಡ ಬಂದರಿಗೆ ಈ ಸುದ್ದಿ ಗೊತ್ತು. ನಾನೇ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ.

ಇಷ್ಟಾದ ಮೇಲೆ ನಿನ್ನ ಕಾಗದ. ಆ ನಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಯಾವುದು ಗೊತ್ತೇ? ಗಾಡಿಯಲ್ಲ, ಗುಡ್ಡವಲ್ಲ. ಚುಕ್ಕೆ ಸರಿಸಿದರೆ ಒಂದು ಚೌಕ ತೆರೆಯುತ್ತದೆ. ಸರಿಸಿದವರು ಯಾರು, ಯಾಕೆ ಎಂದು ಬರೆಯದಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಸರ್ವೆ ಆಫೀಸಿನಲ್ಲಿ ಅಳತೆಯ ಪುಸ್ತಕ ನಾನು ತಲೆಯ ಮೇಲೆ ಹೊತ್ತು ತಿರುಗಿದೆ, ಅದರ ಒಂದು ಪುಟದಲ್ಲೂ ನನ್ನ ಹೆಸರಿಲ್ಲ. ಸರಪಳಿಯವನ ಮಾತನ್ನು ಬರೆಯುವ ಕಾಲಮ್ಮೇ ಅದರಲ್ಲಿ ಇರಲಿಲ್ಲ.

ಹಾಗಾಗಿ ಕೇಳು, ನಿನ್ನ ಒಪ್ಪಿಗೆಗೆ ನಾನು ಕಾಯಲಿಲ್ಲ. ಮೊನ್ನೆ ಶುಕ್ರವಾರ ಭಾಸ್ಕರನ ಅಂಗಡಿಗೆ ಹೋಗಿ ಆ ಚೌಕ ತೆರೆಸಿದೆ. ಅವನು, “ಸುಪ್ರಿಯಕ್ಕನ ಹತ್ರ ಒಂದ್ ಮಾತು ಕೇಳ್ವ” ಅಂದ. ಕೇಳುವುದು ಎಂತದ್ದು, ತಪ್ಪು ಕಂಡವರು ತಿದ್ದಬಹುದು ಎಂದವಳು ಅವಳೇ ಎಂದೆ. ನಿನ್ನ ಹೆಸರು ತೆಗೆದು, ಒಂದು ಬೆರಳಿನಲ್ಲಿ ಮುಕ್ಕಾಲು ತಾಸು ಒತ್ತಿ ನಾನೇ ಬರೆದೆ: “ಜಟ್ಟಪ್ಪ, ಸರಪಳಿಯವ, ಕಾಸರಕೋಡ. ಕಾರಣ: ಗಾಲಿ ತಿರುಗಿದಷ್ಟು ಗಾಡಿ ನಡೆಯಲಿಲ್ಲ.” ಕನ್ನಡದಲ್ಲೇ ಇದೆ. ಅಮೆರಿಕದವರಿಗೆ ಬೇಕಾದರೆ ಕಲಿತು ಓದಲಿ.

ನೀನು ಅಳಿಸಬಹುದು. ಅಳಿಸಿದರೆ ನಾನು ಮತ್ತೆ ಬರೆಯುತ್ತೇನೆ. ಪಿಂಚಣಿಯವನು, ನನಗೆ ಬೇರೆ ಕೆಲಸವಿಲ್ಲ.

ಸಿಟ್ಟಿನಲ್ಲಿ ಬರೆದೆ ಎಂದು ಮುಖ ಸಣ್ಣ ಮಾಡಬೇಡ. ಮಂಗಳನ ಮೇಲೆ ನಡೆಯುವುದನ್ನು ಈ ಹಳ್ಳಿಯವನಿಗೆ ತೋರಿಸಿದವಳು ನೀನು. ನಿನ್ನ ಕಣ್ಣು, ಕಾಲು ಗಟ್ಟಿಯಿರಲಿ, ನಿನ್ನ ಶಾಲೆಯ ಕಂಪ್ಯೂಟರಿಗೆ ದಿನವೂ ಕರೆಂಟು ಇರಲಿ.

ನಿನ್ನ ಮಾವ,
ಜಟ್ಟಪ್ಪ

ತಾ.ಕ.: ಸಂಕ್ರಾಂತಿಗೆ ಊರಿಗೆ ಬರುವಾಗ ನನ್ನ ಹೆಸರು, ಕಾರಣ ಇರುವ ಆ ಪುಟವನ್ನು ಪ್ರಿಂಟ್ ಮಾಡಿ ತಂದು ನಿನ್ನ ಅಮ್ಮನ ಕೈಗೆ ಕೊಡು. ಗಂಗಿ ನನ್ನ ಹತ್ತಿರ ಮಾತಾಡದೆ ಹದಿನೇಳು ವರ್ಷವಾಯಿತು. ರಸ್ತೆ ಅಗಲ ಮಾಡುವಾಗ ಅವಳ ಹಿತ್ತಲನ್ನು ಅಳೆದ ಸರಪಳಿ ಹಳೆಯದು, ಒಂದು ಗೇಣು ಹಿಗ್ಗಿತ್ತು. ಉದ್ದ ಸರಪಳಿಯಲ್ಲಿ ಅಳೆದರೆ ಜಾಗ ಕಡಿಮೆ ಬರುತ್ತದೆ. ಇಪ್ಪತ್ತೆರಡು ಗುಂಟೆ ಕಾಗದದಲ್ಲಿ ಇಪ್ಪತ್ತೊಂದಾಯಿತು, ಉಳಿದ ಒಂದು ಗುಂಟೆ ಬಾವಿಯ ಸಮೇತ ರಸ್ತೆಗೆ ಹೋಯಿತು. ಆ ಬಾವಿಯ ಮೇಲೆ ಈಗ ಬಸ್ಸು ಓಡುತ್ತದೆ, ಅವಳು ಕೊಡಪಾನ ಹಿಡಿದು ಪಕ್ಕದ ಮನೆಗೆ ನೀರಿಗೆ ಹೋಗುತ್ತಾಳೆ. ಅಣ್ಣ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಎಂದು ಅವಳ ಎಣಿಕೆ. ಸರಪಳಿ ಹಿಗ್ಗಿದೆ ಎಂದು ನಾನು ಸಾಹೇಬರಿಗೆ ಹೇಳಿದ್ದೆ. “ನಿನ್ನ ಕೆಲಸ ಹಿಡಿಯೋದು, ಹೇಳೋದಲ್ಲ” ಅಂದರು. ಬಗ್ಗಿ ಮತ್ತೆ ಸರಪಳಿಯ ತುದಿ ಹಿಡಿದೆ. ಹೇಳಿದ್ದೂ ನಿಜ, ಹಿಡಿದದ್ದೂ ನಿಜ. ಮೊದಲನೆಯದನ್ನು ಅವಳಿಗೆ ನೀನು ಹೇಳು. ಎರಡನೆಯದನ್ನು ನಾನೇ ಬಂದು ಹೇಳುತ್ತೇನೆ, ಅವಳು ಬಾಗಿಲು ತೆಗೆದರೆ.